ಕೆಂದಿ ಪಕ್ಕದ ಜಾಗ

ದನ ಎಣಿಸಬಾರದು ಎನ್ನುವುದು ಕೊಂಬಿನವರ ಮನೆಗಳ ಪದ್ಧತಿ. ಎಣಿಸಿದರೆ ಕಡಿಮೆಯಾಗುತ್ತವಂತೆ. ಕಥೆ ಹೇಳುವವರಿಗೆ ಆ ಹೆದರಿಕೆ ಇಲ್ಲವಾದ್ದರಿಂದ ಹೇಳಿಬಿಡುತ್ತೇನೆ: ದೊಡ್ಡಯ್ಯ ತೀರಿಕೊಂಡ ದಿನ ಅವನ ಕೊಟ್ಟಿಗೆಯಲ್ಲಿ ಹದಿಮೂರು ರಾಸುಗಳಿದ್ದವು. ಹನ್ನೊಂದನೆಯ ದಿನ ಮಧ್ಯಾಹ್ನ ಹೊಳೆ ದಾಟಿದ್ದು ಹನ್ನೆರಡು. ಉಳಿದ ಒಂದರ ಸುದ್ದಿ ತನ್ನೊಬ್ಬಳಿಗೇ ಗೊತ್ತು ಎಂದು ಅವನ ಸೊಸೆ ಲಿಂಗಮ್ಮ ತಿಳಿದುಕೊಂಡಿದ್ದಳು.

ಯುದ್ಧ ಶುರುವಾದ ಮಾರನೆಯ ವರ್ಷದ ಮಾತು ಇದು. ಹೊಳೆನರಸೀಪುರದಿಂದ ಅರಕಲಗೂಡಿನ ಕಡೆ ಹೋಗುವಾಗ ಹೇಮಾವತಿಯ ಈ ದಡಕ್ಕೆ ಕೊಂಬನಕೊಪ್ಪಲು, ಆ ದಡಕ್ಕೆ ಗೊರಸಿನಹಳ್ಳಿ. ಇಲ್ಲಿಯವರು ಕೊಂಬಿನವರು, ಅಲ್ಲಿಯವರು ಗೊರಸಿನವರು. ಹಿಂದಿನ ಕಾಲದಲ್ಲಿ ಒಬ್ಬರ ದನವನ್ನು ಇನ್ನೊಬ್ಬರು ಅಟ್ಟಿಕೊಂಡು ಹೋಗಿ, ಹೊಡೆದಾಡಿ ಸತ್ತವರು. ಊರ ಮುಂದಿನ ವೀರಗಲ್ಲುಗಳ ಮೇಲೆ ಈಗಲೂ ಆಡುಗಳು ಹತ್ತಿ ನಿಲ್ಲುತ್ತವೆ. ಆಮೇಲೆ ಹೆಣ್ಣು ಕೊಟ್ಟು, ಹೆಣ್ಣು ತಂದು ರಾಜಿಯಾದರು. ಆದರೆ ಅಟ್ಟುವ ಚಪಲ ಅಷ್ಟು ಸುಲಭವಾಗಿ ಹೋಗುತ್ತದೆಯೇ? ಅದನ್ನು ಸಾವಿಗೆ ಮೀಸಲಿಟ್ಟರು.

ಯಜಮಾನ ಸತ್ತರೆ ಅವನ ದನ ಮಕ್ಕಳದಾಗುವುದಿಲ್ಲ, ಸತ್ತ ಮೇಲೂ ಅವನದೇ. ಮಣ್ಣು ಮಾಡಿ ಬಂದರೂ ಅವನು ಕೊಟ್ಟಿಗೆ ಬಿಟ್ಟು ಹೋಗುವುದಿಲ್ಲ. ಹನ್ನೊಂದನೆಯ ದಿನ ಮಟಮಟ ಮಧ್ಯಾಹ್ನ ಆಚೆ ದಡದವರು ಬಂದು ಅಷ್ಟನ್ನೂ ಬಿಚ್ಚಿ ಅಟ್ಟಿಕೊಂಡು ಹೋಗಬೇಕು. ಮನೆಯವರು ಆ ಹೊತ್ತಿಗೆ ಉಂಡು, ನಡುಮನೆಯಲ್ಲಿ ಸಾಲಾಗಿ ಮಲಗಿ, ಮುಖದ ಮೇಲೆ ಕಂಬಳಿ ಎಳೆದುಕೊಂಡು ನಿದ್ದೆ ಹೋದವರಂತೆ ಇರಬೇಕು. ಯಜಮಾನ ತನ್ನ ದನದ ಹಿಂದೆ ನಡೆದುಹೋಗುತ್ತಾನೆ, ನೀರು ದಾಟಿದ ಮೇಲೆ ತಿರುಗಿ ಬರುವುದಿಲ್ಲ. ಮೂರು ವಾರ ಬಿಟ್ಟು ಮಗ ಬೆಲ್ಲ ತೆಗೆದುಕೊಂಡು ಹೋಗಿ ದನ ಕೇಳಿ ತರುತ್ತಾನೆ. ಹಳೆಯ ಕಣ್ಣಿಗಳನ್ನು ಆಚೆ ದಡದಲ್ಲೇ ಸುಟ್ಟು ಹೊಸ ಹಗ್ಗ ಹಾಕುತ್ತಾರೆ. ಒಂದೊಂದರ ಕಿವಿಯಲ್ಲೂ ಹೊಸ ಹೆಸರು ಹೇಳುತ್ತಾರೆ. ಆ ಕಿವಿಹೆಸರು ಯಜಮಾನನಿಗೂ ರಾಸಿಗೂ ಮಾತ್ರ ಗೊತ್ತಿರುವಂಥದ್ದು, ಕಟ್ಟಿಕೊಂಡ ಹೆಂಡತಿಗೂ ಹೇಳುವಂತಿಲ್ಲ.

ಇದಕ್ಕೆ ಎರಡು ಕಟ್ಟುಪಾಡು. ಅಟ್ಟುವಾಗ ಒಂದು ಕರುವನ್ನೂ ಬಿಡಬಾರದು. ಅಟ್ಟಿದವರು ಆ ಮನೆಯ ಅನ್ನ ನೀರನ್ನು ಬದುಕಿರುವ ತನಕ ಮುಟ್ಟಬಾರದು. ಅದಕ್ಕೇ ಹತ್ತಿರದ ನೆಂಟರು ಈ ಕೆಲಸಕ್ಕೆ ಬರುತ್ತಿರಲಿಲ್ಲ. ಈ ಸಲ ಗೊರಸಿನಹಳ್ಳಿಯ ಹುಡುಗರೆಲ್ಲ ಯುದ್ಧಕ್ಕೆಂದು ಪಟ್ಟಾಳ ಸೇರಿ ಗಂಡಸರೇ ಇಲ್ಲದಂತಾಗಿ, ಲಿಂಗಮ್ಮನ ಸ್ವಂತ ಅಣ್ಣ ಚನ್ನಪ್ಪನೇ ಬರಬೇಕಾಯಿತು. ಇನ್ನು ಮೇಲೆ ಅಣ್ಣ ತನ್ನ ಮನೆಯಲ್ಲಿ ಒಂದು ಲೋಟ ಮಜ್ಜಿಗೆಯನ್ನೂ ಕುಡಿಯುವುದಿಲ್ಲವಲ್ಲ ಎಂದು ಲಿಂಗಮ್ಮ ಹಿಂದಿನ ದಿನವೇ ಒಲೆಯ ಮುಂದೆ ಕೂತು ಅತ್ತಳು.

ಆದರೆ ಅವಳಿಗೆ ಅದಕ್ಕಿಂತ ದೊಡ್ಡ ಚಿಂತೆ ಇತ್ತು. ಮಗಳು ನೀಲಿಗೆ ಮೂರು ವರ್ಷ. ಅವಳಿಗಿಂತ ಮುಂಚೆ ಹುಟ್ಟಿದ ಎರಡು ಕೂಸುಗಳು ಮಣ್ಣು ಸೇರಿದ್ದವು. ಸಂಕ್ರಾಂತಿ ಹೊತ್ತಿಗೆ ನೀಲಿಗೆ ದಡಾರ ಎದ್ದು, ಇಳಿದ ಮೇಲೆ ಹೊಟ್ಟೆಯಲ್ಲಿ ಏನೂ ನಿಲ್ಲದಾಯಿತು. ಗಂಜಿ ಕುಡಿಸಿದರೆ ವಾಂತಿ, ಬೇರೆ ಹಸುವಿನ ಹಾಲು ಕುಡಿಸಿದರೂ ವಾಂತಿ. ಕೆಂದಿ ಎಂಬ ಕೆಂಪು ಹಸುವಿನ ಹಾಲು ಒಂದೇ ಒಗ್ಗಿತ್ತು. ಕೆಂದಿ ಕರು ಸತ್ತ ಹಸು. ಮಾವ ಅದರ ತೊಡೆಯ ಮೇಲೆ ಎರಡು ಸಲ ತಟ್ಟಿ, ಮೊದಲ ಹಿಂಡಿನ ಹಾಲನ್ನು ನೆಲಕ್ಕೆ ಬಿಟ್ಟರೆ ಮಾತ್ರ ಹಾಲು ಇಳಿಸುತ್ತಿತ್ತು. ತಾನು ಕಾಯಿಲೆ ಬಿದ್ದ ಮೇಲೆ ಮಾವ ಅದನ್ನು ಸೊಸೆಯ ಕೈಗೆ ಒಗ್ಗಿಸಿದ್ದ. ಮೂರು ವಾರ ಕೆಂದಿ ಇಲ್ಲದಿದ್ದರೆ ಮಗು ಉಳಿಯುತ್ತದೆಯೇ?

ಗಂಡ ಗುಂಡಯ್ಯನನ್ನು ಕೇಳಿದಳು. ಅವನು, ಇಷ್ಟು ದಿನ ಇಲ್ಲದ ನಾಜೂಕು ಈಗ್ಯಾಕೆ, ರಾಗಿ ಅಂಬಲಿ ಕುಡಿಸು ಎಂದು ಎದ್ದುಹೋದ. ಅತ್ತೆ ಶಿವಗಂಗಮ್ಮನ ಹತ್ತಿರ ಸುತ್ತಿ ಬಳಸಿ ಮಾತು ತೆಗೆದಳು.

"ಕೆಂದಿನೊಂದ ಬುಟ್ಟೋದ್ರೆ ಏನಾಯ್ತದೆ ಅತ್ತೆಮ್ಮ?"

ಶಿವಗಂಗಮ್ಮ ಮೊರದಿಂದ ತಲೆ ಎತ್ತಲಿಲ್ಲ. "ಕೆಂದಿ ಜೊತೇಲಿ ಅವರೂ ಉಳ್ಕತಾರೆ," ಅಂದಳು.

ಸತ್ತ ಮುದುಕ ಉಳಿದರೆ ಉಳಿಯಲಿ, ಬದುಕಿರುವ ಮಗು ಉಳಿದರೆ ಸಾಕು ಎಂದು ಲಿಂಗಮ್ಮ ಮನಸ್ಸಿನಲ್ಲೇ ಅಂದುಕೊಂಡಳು. ಹತ್ತನೆಯ ದಿನ ಸಂಜೆ ಕೆಂದಿಯನ್ನು ಮೇಯಿಸುವ ನೆಪದಲ್ಲಿ ಹೊಡೆದುಕೊಂಡು ಹೋಗಿ, ಊರಾಚೆ ಒಬ್ಬಳೇ ಇದ್ದ ಮಾದಮ್ಮನ ಹುಲ್ಲಿನ ಗುಡಿಸಲಲ್ಲಿ ಕಟ್ಟಿ, ಅದರ ಗಂಟೆಗೆ ಬಟ್ಟೆ ಸುತ್ತಿ ಬಂದಳು. ಮಾದಮ್ಮ ಈ ಎರಡು ಕುಲಕ್ಕೂ ಸೇರದವಳು, ಕಣ್ಣು ಮಂಜಾದ ಮುದುಕಿ.

ಮಾರನೆಯ ಮಧ್ಯಾಹ್ನ ಎಲ್ಲರೂ ಕಂಬಳಿ ಹೊದ್ದು ಮಲಗಿದರು. ಬಿಸಿಲಿಗೆ ಊರು ಊರೇ ಉಸಿರು ಕಟ್ಟಿದಂತಿತ್ತು. ಹಿತ್ತಿಲ ಕಡೆ ಕಾಲ ಸದ್ದಾಯಿತು. ಕಣ್ಣಿ ಬಿಚ್ಚುವ ಸದ್ದು, ಆಮೇಲೆ ಗಂಟೆಗಳು. ಪಕ್ಕದಲ್ಲಿ ಮಲಗಿದ್ದ ಅತ್ತೆಯ ಕೈ ಕಂಬಳಿಯ ಅಡಿಯಲ್ಲಿ ಬಂದು ಲಿಂಗಮ್ಮನ ಮಣಿಕಟ್ಟು ಹಿಡಿಯಿತು. ಒಂದೊಂದು ಗಂಟೆ ಬಾಗಿಲು ದಾಟಿದಾಗಲೂ ಆ ಬೆರಳು ಒಮ್ಮೆ ಬಿಗಿಯಾಗುತ್ತಿತ್ತು. ಕೊನೆಯ ಗಂಟೆ ದಾಟಿದ ಮೇಲೆ ಬೆರಳುಗಳು ಇನ್ನೊಂದಕ್ಕಾಗಿ ಕಾದವು, ಕಾದು ಕಾದು ಬಿಟ್ಟುಬಿಟ್ಟವು. ಎದ್ದ ಮೇಲೆ ಶಿವಗಂಗಮ್ಮ ಬೆಳಗಿನ ಪಾತ್ರೆ ತೊಳೆಯಲು ಕೂತಳು.

ಅಂದಿನಿಂದ ಲಿಂಗಮ್ಮನ ಕಳ್ಳಾಟ ಶುರುವಾಯಿತು. ಬೆಳಿಗ್ಗೆ ನೀರಿನ ನೆಪ, ಸಂಜೆ ಸೌದೆಯ ನೆಪ. ಸೆರಗಿನ ಮರೆಯಲ್ಲಿ ಚೊಂಬು ತಂದು ನೀಲಿಗೆ ಕುಡಿಸುತ್ತಿದ್ದಳು. ಮಗುವಿನ ಹೊಟ್ಟೆಯಲ್ಲಿ ಹಾಲು ನಿಂತಿತು, ಕೆನ್ನೆಗೆ ಸ್ವಲ್ಪ ಬಣ್ಣ ಬಂತು. ಲಿಂಗಮ್ಮ ಗೆದ್ದೆ ಅಂದುಕೊಂಡಳು. ಇಂಥ ಗೆಲುವು ಯಾರ ಮನೆಯಲ್ಲಿ ತಾನೇ ಬಹಳ ದಿನ ನಿಂತಿದೆ?

ಐದನೆಯ ದಿನ ಅವಳು ಗುಡಿಸಲಿಗೆ ಹೋಗುವ ಹೊತ್ತಿಗೆ ಕೆಂದಿಯ ಕಾಲ ಬಳಿ ನೆಲ ಒದ್ದೆಯಾಗಿತ್ತು. ಬಗ್ಗಿ ಮುಟ್ಟಿ ನೋಡಿದಳು. ಹಾಲು, ಇನ್ನೂ ಬೆಚ್ಚಗಿತ್ತು. ಮೊದಲ ಹಿಂಡು ಯಾರೋ ನೆಲಕ್ಕೆ ಬಿಟ್ಟಿದ್ದರು. ಮಾದಮ್ಮ ಬಾಗಿಲಲ್ಲಿ ಕೂತು ಎಲೆ ಅಡಿಕೆ ಕುಟ್ಟುತ್ತಿದ್ದಳು.

"ನಿಮ್ಮನೇಲಿ ಕೆಮ್ಮೋರು ಯಾರವ್ವಾ? ಒತ್ತಾರೇನೇ ಬಂದು ಹಸಿನ ತಾವ ನಿಂತ್ಕತಾರೆ. ಮಾತಾಡಿಸ್ದೆ, ಮಾತಾಡ್ನಿಲ್ಲ," ಅಂದಳು.

ಮನೆಯಲ್ಲಿ ಕೆಮ್ಮುತ್ತಿದ್ದವನು ಮಾವ ಒಬ್ಬನೇ. ಆದರೂ ಹಾಲು ಕರೆದಳು. ಮಗುವಿಗೆ ಬೇಕಿತ್ತಲ್ಲ, ಕರೆಯದೆ ಏನು ಮಾಡುತ್ತಾಳೆ?

ಮೂರು ವಾರ ಕಳೆದು ಗುಂಡಯ್ಯ ಬೆಲ್ಲದ ಅಚ್ಚು ಹೊತ್ತು ಹೋಗಿ ದನ ಹೊಡೆದುಕೊಂಡು ಬಂದ. ಎಣಿಸುವಂತಿಲ್ಲ ಎನ್ನುವ ಪದ್ಧತಿ ಲಿಂಗಮ್ಮನಿಗೆ ಅನುಕೂಲವಾಯಿತು. ಊರ ಬಾಗಿಲ ಹತ್ತಿರ ಕೆಂದಿಯ ಕೊರಳಿಗೂ ಹೊಸ ಹಗ್ಗ ಹಾಕಿ, ಎಲ್ಲವುಗಳ ಜೊತೆ ಸೇರಿಸಿಬಿಟ್ಟಳು. ಗುಂಡಯ್ಯನ ಕಣ್ಣು ತಪ್ಪಿತು. ದನಗಳ ಕಣ್ಣು ತಪ್ಪಲಿಲ್ಲ. ಗೊಂತಿನಲ್ಲಿ ಕಟ್ಟಿದಾಗ ಕೆಂದಿಯ ಎಡಕ್ಕಿದ್ದ ಎಮ್ಮೆ ಪೂರಾ ಆಚೆ ಸರಿದು ನಿಂತಿತು. ಎಳೆದು ತಂದು ಹತ್ತಿರ ಕಟ್ಟಿದರೆ ಹಗ್ಗ ಜಗ್ಗಿ ಮತ್ತೆ ಸರಿಯಿತು. ಇಡೀ ಕೊಟ್ಟಿಗೆ ಒತ್ತೊತ್ತಾಗಿ ನಿಂತರೂ ಕೆಂದಿಯ ಪಕ್ಕದಲ್ಲಿ ಮಾತ್ರ ಒಬ್ಬ ಆಳು ನಿಲ್ಲುವಷ್ಟು ಜಾಗ ಖಾಲಿ ಉಳಿಯಿತು. ಆ ಜಾಗದ ಮೇಲೆ ಸಗಣಿಯೂ ಬೀಳುತ್ತಿರಲಿಲ್ಲ. ದಿನವೂ ಬಾಚುವ ಲಿಂಗಮ್ಮನಿಗೆ ಇದು ಗೊತ್ತಾಗದೆ ಇರುತ್ತದೆಯೇ?

ಯುಗಾದಿ ಹೊತ್ತಿಗೆ ನೀಲಿ ಆಟ ಬಿಟ್ಟಳು. ಕೈ ಹಿಂದೆ ಕಟ್ಟಿಕೊಂಡು ಅಂಗಳದಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದಳು. ಸುಮ್ಮಸುಮ್ಮನೆ ಕೆಮ್ಮುತ್ತಿದ್ದಳು. ಹಾಲು ಬಿಟ್ಟು ಬೇರೇನೂ ಬಾಯಿಗಿಡುತ್ತಿರಲಿಲ್ಲ, ಆದರೂ ಅನ್ನ ಹಾಕಿದರೆ ಮೊದಲ ತುತ್ತನ್ನು ತಟ್ಟೆಯ ಎಡಕ್ಕೆ ತೆಗೆದಿಡುತ್ತಿದ್ದಳು. ದೊಡ್ಡಯ್ಯ ಕೆಂದಿಗೆಂದು ಹಾಗೇ ಇಡುತ್ತಿದ್ದ. ಒಂದು ಮಧ್ಯಾಹ್ನ ಗುಂಡಯ್ಯ ಊಟಕ್ಕೆ ಕೂರಲು ಹೋದರೆ ಮಗಳು ಅಡ್ಡ ಬಂದಳು.

"ಅಲ್ಲಿ ತಾತ ಕೂತವ್ನೆ. ಜಾಗ ಬುಡು."

ಗುಂಡಯ್ಯ ನಗಲು ಹೋದ, ನಗು ಬರಲಿಲ್ಲ. ತಟ್ಟೆ ಎತ್ತಿಕೊಂಡು ಬಾಗಿಲ ಹತ್ತಿರ ಹೋಗಿ ಕೂತು ಉಂಡ. ಶಿವಗಂಗಮ್ಮ ಸಾರು ಬಡಿಸುತ್ತಿದ್ದವಳು ಆ ಖಾಲಿ ಜಾಗವನ್ನೇ ನೋಡುತ್ತ ಸ್ವಲ್ಪ ಹೊತ್ತು ನಿಂತಳು. ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ. ಲಿಂಗಮ್ಮನಿಗೆ ಅದೇ ಹೆಚ್ಚು ಹೆದರಿಕೆ ತಂದಿತು.

ಅದಾದ ಮೂರನೆಯ ದಿನ ಬೆಳಿಗ್ಗೆ ಅತ್ತೆ ಸೊಸೆ ಇಬ್ಬರೂ ಕೊಟ್ಟಿಗೆಯಲ್ಲಿದ್ದರು. ನೀಲಿ ಕೆಂದಿಯ ತೊಡೆಯ ಮೇಲೆ ಪುಟ್ಟ ಕೈಯಲ್ಲಿ ಎರಡು ಸಲ ತಟ್ಟಿ, "ತಿರುಗಿ ನಿಂತ್ಕಳೇ ಗಂಗೀ," ಅಂದಳು. ಕೆಂದಿ ತಿರುಗಿ ನಿಂತಿತು.

ಶಿವಗಂಗಮ್ಮನ ಕೈಯಿಂದ ಸಗಣಿಯ ಮಂಕರಿ ಬಿತ್ತು. ಅವಳನ್ನು ಗಂಗಿ ಎಂದು ಕರೆಯುತ್ತಿದ್ದವನು ಒಬ್ಬನೇ. ಅದೂ ಮದುವೆಯಾದ ಹೊಸತರಲ್ಲಿ, ಯಾರೂ ಇಲ್ಲದಾಗ. ಮಕ್ಕಳಾದ ಮೇಲೆ ಆ ಹೆಸರು ಅವನ ಬಾಯಲ್ಲಿ ಬಂದೇ ಇರಲಿಲ್ಲ. ಮರೆತೇಬಿಟ್ಟ ಎಂದು ನಲವತ್ತು ವರ್ಷ ಒಳಗೊಳಗೇ ಕೊರಗಿದ್ದಳು. ಆ ಗಂಡಸು ಅದನ್ನು ಹಸುವಿನ ಕಿವಿಯಲ್ಲಿ ಹೇಳಿಟ್ಟಿದ್ದ!

ಅಂದು ಸಂಜೆ ನೀಲಿಗೆ ಹಾಲು ಕುಡಿಸುವಾಗ ಲಿಂಗಮ್ಮ ಮೆಲ್ಲಗೆ ಕೇಳಿದಳು, ತಾತ ನಿನ್ನ ಹತ್ತಿರ ಏನು ಮಾತಾಡುತ್ತಾನೆ ಎಂದು.

"ಒಬ್ನೇ ಇರಕ್ಕೆ ಆಗಕಿಲ್ವಂತೆ. ಜೊತೆಗೆ ಬಾ ಅಂತವ್ನೆ," ಅಂದಳು ಮಗು. ಹಾಲಿನ ಮೀಸೆ ಒರೆಸಿಕೊಂಡು, "ಓಯ್ತೀನಿ ಅಂದಿವ್ನಿ," ಎಂದೂ ಸೇರಿಸಿದಳು.

ಲಿಂಗಮ್ಮ ಎದ್ದು ಹೋಗಿ ಗಂಡನ ಮುಂದೆ ನಿಂತು ಮಾಡಿದ್ದೆಲ್ಲ ಹೇಳಿದಳು. ಗುಂಡಯ್ಯ ಮನೆ ಹಾರಿಹೋಗುವಂತೆ ಕೂಗಾಡಿದ. ನಿನ್ನ ಬುದ್ಧಿ ಮಣ್ಣು ತಿಂದಿತ್ತಾ ಅಂದ. ಅವಳು, ಅಂಬಲಿ ಕುಡಿಸು ಅಂದವರು ಯಾರು, ಎರಡು ಮಣ್ಣಿಗೆ ಕೊಟ್ಟವಳು ನಾನು, ನೀವಲ್ಲ ಅಂದಳು. ಅವನು, ಪದ್ಧತಿ ಗಿದ್ಧತಿ ಬೇಡ, ಮಾರಿಬಿಡುತ್ತೇನೆ ಎಂದು ಮಾರನೆಯ ದಿನ ಕೆಂದಿಯನ್ನು ಚನ್ನರಾಯಪಟ್ಟಣದ ಸಂತೆಗೆ ಹೊಡೆದುಕೊಂಡು ಹೋದ.

ಮೂರನೆಯ ದಿನ ಕೆಂದಿಯ ಜೊತೆಗೇ ವಾಪಸು ಬಂದ. ಕಾಲು ತೊಳೆಯದೆ ಜಗಲಿಯ ಮೇಲೆ ಕುಸಿದು ಕೂತ. ಕೊಳ್ಳಲು ಬಂದವರೆಲ್ಲ ಹಸುವಿನ ಹಲ್ಲು ನೋಡಿ, ಕೆಚ್ಚಲು ಮುಟ್ಟಿ, ಆಮೇಲೆ ಅವನನ್ನು ಬಿಟ್ಟು ಅವನ ಪಕ್ಕಕ್ಕೆ ನೋಡುತ್ತಿದ್ದರಂತೆ.

"ಒಬ್ಬ ಏಳ್ದ ಕಣವ್ವ," ಅಂದ ತಾಯಿಗೆ. "ಯಜಮಾನ್ರು ಪಕ್ದಲ್ಲೇ ಅವ್ರಲ್ಲ, ಅವರು ಬ್ಯಾಡ ಅಂತ ತಲೆ ಆಡಿಸ್ತಾವ್ರೆ, ನೀನ್ಯಾಕಪ್ಪ ಮಾರ್ತೀಯ, ಅಂದ."

ಇನ್ನು ಉಳಿದದ್ದು ಗೊರಸಿನಹಳ್ಳಿಯವರು. ಲಿಂಗಮ್ಮ ಹೊಳೆಯ ತನಕ ಹೋಗಿ ಅಣ್ಣನನ್ನು ಕರೆಸಿದಳು. ಚನ್ನಪ್ಪ ಮೊಣಕಾಲುದ್ದ ನೀರಿನಲ್ಲಿ ನಿಂತು ಕೇಳಿದ. ತಂಗಿ ಅಳುವುದನ್ನು ನೋಡಿ ಅವನ ಕಣ್ಣಲ್ಲೂ ನೀರು ಬಂತು, ಆದರೆ ಒಪ್ಪಲಿಲ್ಲ. ಒಂದು ಸಾವಿಗೆ ಗೊರಸಿನಹಳ್ಳಿಯ ಗಂಡಸರು ಒಂದೇ ಸಲ ಬರುವುದು. ಎರಡನೆಯ ಸಲ ಬಂದರೆ ಅದು ಬರೀ ಕಳ್ಳತನ. ಮೊದಲ ಸಲಕ್ಕೆ ಪಟೇಲರು ಕಣ್ಣು ಮುಚ್ಚಿಕೊಳ್ಳುತ್ತಾರೆ, ಎರಡನೆಯದಕ್ಕೆ ಪೊಲೀಸರು ಬರುತ್ತಾರೆ. ಸತ್ತವನಂತೂ ಕಳ್ಳರ ಹಿಂದೆ ಬರುವುದಿಲ್ಲ.

ಅಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ನೀಲಿ ಕೊಟ್ಟಿಗೆಯ ಖಾಲಿ ಜಾಗದಲ್ಲಿ ಚಾಪೆ ಹಾಕಿಕೊಂಡು ಮಲಗಿದ್ದಳು, ಎಬ್ಬಿಸಿದರೆ ಏಳುತ್ತಿರಲಿಲ್ಲ. ಕೈ ಕಾಲು ತಣ್ಣಗಿದ್ದವು. ಲಿಂಗಮ್ಮ ಅವಳನ್ನು ಎತ್ತಿ ತಂದು ಮಡಿಲಲ್ಲಿ ಹಾಕಿಕೊಂಡು, ನಾನೂ ಗೊರಸಿನವರ ಮಗಳೇ ಅಲ್ಲವಾ, ನಾನೇ ಅಟ್ಟುತ್ತೇನೆ ಅಂದಳು.

"ನಿನ್ನ ಹಿಂದೆ ಅವರು ಬರಕಿಲ್ಲ," ಅಂದಳು ಶಿವಗಂಗಮ್ಮ. "ನಾನೂ ಆಚೆ ದಡದೋಳೆಯ. ನನ್ನ ಹಿಂದೆ ಬತ್ತಾರೆ."

ಗುಂಡಯ್ಯ ತಾಯಿಯ ಮುಖ ನೋಡಿದ. ಅಟ್ಟಿದ ಮೇಲೆ ಈ ಮನೆಯಲ್ಲಿ ಅನ್ನ ನೀರು ಇಲ್ಲ ಎನ್ನುವುದು ನೆನಪಿದೆಯಾ ಎಂದು ಕೇಳಿದ. ಅವಳು, ಈ ಪದ್ಧತಿಯಲ್ಲೇ ತಲೆ ಹಣ್ಣಾಗಿದೆ, ನೀನು ನೆನಪು ಮಾಡಬೇಕಾ ಅಂದಳು. ಆಮೇಲೆ ಸೊಸೆಯ ಕಡೆ ತಿರುಗಿದಳು.

"ಅವತ್ತು ಗಂಟೆ ಒಂದು ಕಮ್ಮಿ ಕೇಳ್ತು. ನಂಗೆ ಅವತ್ತೇ ಗೊತ್ತಿತ್ತು ಕಣವ್ವ."

"ಮತ್ಯಾಕೆ ಏಳ್ನಿಲ್ಲ ಅತ್ತೆಮ್ಮ?"

"ಇದ್ರೆ ಇರ್ಲಿ ಅನ್ನುಸ್ತು." ಶಿವಗಂಗಮ್ಮ ನೀಲಿಯ ತಣ್ಣನೆಯ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ಉಜ್ಜುತ್ತಿದ್ದಳು. "ನೀನು ಕೂಸಿಗೋಸ್ಕರ ಮಾಡ್ದೆ. ನಾನು ನಂಗೋಸ್ಕರ ಸುಮ್ಕಿದ್ದೆ. ತೆಪ್ಪು ನಂದೇ ದೊಡ್ದು."

ಮಾರನೆಯ ದಿನ ಅವಳೇ ಅಡಿಗೆ ಮಾಡಿದಳು. ಹುರುಳಿ ಬಸ್ಸಾರು, ಮುದ್ದೆ. ಮಗನಿಗೆ ಎರಡು ಸಲ ಬಡಿಸಿದಳು. ತಾನು ಉಂಡ ತಟ್ಟೆ ತೊಳೆದು ಕವುಚಿ ಹಾಕಿದಳು. ಒಲೆಗೆ ಕೈ ಮುಗಿದು, ನೀವಿನ್ನು ಮಲಗಿ ಅಂದಳು.

ಮಲಗಿದರು. ಲಿಂಗಮ್ಮ ಕಂಬಳಿಯೊಳಗೆ ಮಗಳನ್ನು ಎದೆಗೆ ಅವುಚಿಕೊಂಡಿದ್ದಳು. ಬಿಸಿಲು ನೆತ್ತಿಗೆ ಬಂದಿತ್ತು, ಒಂದು ಕಾಗೆಯೂ ಕೂಗಲಿಲ್ಲ. ಕಣ್ಣಿ ಬಿಚ್ಚಿದ ಸದ್ದು ಕೇಳಿತು. ಕೆಂದಿಯ ಗಂಟೆ ಒಂದೇ ಒಂದು, ಮೆಲ್ಲಗೆ ಹಿತ್ತಿಲು ದಾಟಿ ಅಂಗಳಕ್ಕೆ ಬಂತು. ಅದರ ಹಿಂದೆ ಅತ್ತೆಯ ಬರಿಗಾಲು ಕಲ್ಲಿನ ಮೇಲೆ ಬೀಳುವ ಸದ್ದು. ಅದರ ಹಿಂದೆ ಇನ್ನೊಬ್ಬರ ಹೆಜ್ಜೆ, ಒಂದು ಕಾಲು ಸ್ವಲ್ಪ ಎಳೆದುಕೊಂಡು. ಮಾವ ಕಾಯಿಲೆ ಬಿದ್ದ ಮೇಲೆ ಹಾಗೇ ನಡೆಯುತ್ತಿದ್ದ. ಆ ಹೆಜ್ಜೆ ನಡುಮನೆಯ ಹೊಸ್ತಿಲ ಹತ್ತಿರ ನಿಂತಿತು.

ನೀಲಿ ಕಣ್ಣು ಬಿಟ್ಟು ಒದ್ದಾಡತೊಡಗಿದಳು. "ತಾತ ಒಂಟ, ಬುಡು, ನಾನೂ ಓಗ್ಬೇಕು," ಎಂದು ಕಂಬಳಿ ಎಳೆದಳು. ಮೂರು ವರ್ಷದ ಮಗುವಿಗೆ ಅಷ್ಟು ಬಲ ಎಲ್ಲಿಂದ ಬಂತೋ! ಲಿಂಗಮ್ಮ ಹಲ್ಲು ಕಚ್ಚಿ ಹಿಡಿದುಕೊಂಡಳು. ಆಗ ಬೀದಿಯ ಕಡೆಯಿಂದ ಶಿವಗಂಗಮ್ಮನ ದನಿ ಕೇಳಿತು. ಮುದುಕಿಯ ದನಿಯಲ್ಲ, ಹೊಸದಾಗಿ ಬಂದ ಸೊಸೆಯ ದನಿಯಂತೆ ನಾಚಿಕೆಯದು.

"ಗಂಗಿ ಇಲ್ಲವ್ಳೆ. ಬನ್ನಿ, ಒತ್ತಾಯ್ತು."

ಹೆಜ್ಜೆ ಹೊಸ್ತಿಲು ಬಿಟ್ಟಿತು. ಗಂಟೆಯ ಸದ್ದು ಹೊಳೆಯ ಕಡೆ ಇಳಿದು ಇಳಿದು ಕೇಳದಾಯಿತು. ನೀಲಿಯ ಮೈ ಸಡಿಲವಾಯಿತು. ಲಿಂಗಮ್ಮ ಹೆದರಿ ಮೂಗಿನ ಹತ್ತಿರ ಬೆರಳು ಹಿಡಿದು ನೋಡಿದಳು. ಮಗು ನಿದ್ದೆ ಹೋಗಿತ್ತು, ಮೈ ಬೆವರಿ ಬೆಚ್ಚಗಾಗಿತ್ತು. ಪಕ್ಕದ ಕಂಬಳಿಯಡಿಯಲ್ಲಿ ಗುಂಡಯ್ಯ ಬಿಕ್ಕಿ ಬಿಕ್ಕಿ ಅಳುತ್ತಿದ್ದ.

ಮೂರು ವಾರ ಅತ್ತೆಯಿಲ್ಲದ ಮನೆಯಲ್ಲಿ ಲಿಂಗಮ್ಮನಿಗೆ ಉಪ್ಪಿನ ಮಡಕೆ ಎಲ್ಲಿದೆ ಎನ್ನುವುದೂ ತೋಚುತ್ತಿರಲಿಲ್ಲ. ಜಗಳವಾಡಲಾದರೂ ಒಬ್ಬರು ಬೇಕಲ್ಲ. ಎಮ್ಮೆ ತಾನಾಗಿಯೇ ಸರಿದು ಬಂದು ಖಾಲಿ ಜಾಗದಲ್ಲಿ ನಿಂತಿತು. ನೀಲಿ ಮೊದಲು ಗಂಜಿ ಕುಡಿದಳು, ಆಮೇಲೆ ಎಮ್ಮೆಯ ಹಾಲು, ಆಮೇಲೆ ಮುದ್ದೆ ಕದ್ದು ತಿಂದು ಏಟು ತಿಂದಳು. ಆ ಏಟು ಕೊಟ್ಟ ದಿನ ಲಿಂಗಮ್ಮ ಮಗಳನ್ನು ತಬ್ಬಿಕೊಂಡು ಕುಣಿಯುವಷ್ಟು ಖುಷಿಪಟ್ಟಳು. ಮರುಗಳಿಗೆಯಲ್ಲೇ ಅತ್ತೆಯ ನೆನಪಾಗಿ ಮಗಳನ್ನು ಕೆಳಗಿಳಿಸಿದಳು.

ದಿನ ತುಂಬಿದ ಮೇಲೆ ಗಂಡ ಹೆಂಡತಿ ಮಗುವನ್ನೂ ಎತ್ತಿಕೊಂಡು, ಬೆಲ್ಲ ಹಿಡಿದು ಹೊಳೆ ದಾಟಿದರು. ಚನ್ನಪ್ಪನ ಮನೆಯ ಹಿಂದಿನ ಕೊಟ್ಟಿಗೆಯ ಜಗಲಿಯಲ್ಲಿ ಶಿವಗಂಗಮ್ಮ ಇದ್ದಳು. ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡಿದ್ದಳು. ಮನೆಯೊಳಗೆ ಬಾ ಎಂದರೂ ಬರುವುದಿಲ್ಲ, ಜಗಲಿಯಲ್ಲಿ ತಾನೇ ಒಲೆ ಹೂಡಿಕೊಂಡಿದ್ದಾಳೆ ಎಂದು ಚನ್ನಪ್ಪ ದನಿ ತಗ್ಗಿಸಿ ಹೇಳಿದ. ಗುಂಡಯ್ಯ ತಾಯಿಯ ಕಾಲ ಬಳಿ ಕೂತು, ಅನ್ನ ಮುಟ್ಟದಿದ್ದರೆ ಬೇಡ, ಹಟ್ಟಿಯಲ್ಲಿ ಬೇರೆ ಗುಡಿಸಲು ಹಾಕಿಕೊಡುತ್ತೇನೆ, ಅಲ್ಲಿಯೇ ಬೇಯಿಸಿಕೋ, ವಾಪಸು ಬಾ ಎಂದು ಬೇಡಿಕೊಂಡ.

"ಕೆಂದಿನ ಒಡ್ಕಂಡೋಗ್ಲಾ ಮಗ," ಅಂದಳು ಅವಳು. "ಅದು ನಿಂದೇ ಈಗ. ಕಿವೀಲಿ ಬ್ಯಾರೆ ಹೆಸ್ರು ಏಳು. ನಾವು ಬರಕಿಲ್ಲ."

ಒಲೆಯಿಂದ ಮುದ್ದೆಯ ಮಡಕೆ ಇಳಿಸಿ, ಎರಡು ಮುತ್ತುಗದ ಎಲೆಗಳನ್ನು ಹಾಸಿದಳು. ಒಂದು ತನ್ನ ಮುಂದೆ. ಇನ್ನೊಂದು ಪಕ್ಕದಲ್ಲಿ, ಒಬ್ಬರು ಕೂರುವಷ್ಟು ಜಾಗ ಬಿಟ್ಟು. ನೀಲಿ ಅಪ್ಪನ ಕೈ ಬಿಡಿಸಿಕೊಂಡು ಓಡಿ ಹೋಗಿ ಸೀದಾ ಆ ಖಾಲಿ ಜಾಗದಲ್ಲಿ ನಿಂತಳು. ಮಗು ಎಲೆಯನ್ನು ನೋಡಿತು, ಅತ್ತ ಇತ್ತ ನೋಡಿತು.

"ಅಜ್ಜೀ, ಈ ಎಲೆ ಯಾರ್ದು?"

ಲಿಂಗಮ್ಮ ಕಂಬ ಹಿಡಿದುಕೊಂಡು ಕೂತಳು. ಮಗುವಿನ ಕಣ್ಣಿಗೆ ಅಲ್ಲಿ ಯಾರೂ ಇರಲಿಲ್ಲ. ಶಿವಗಂಗಮ್ಮ ಸೊಸೆಯನ್ನು ನೋಡಿದಳು, ಪಕ್ಕದ ಜಾಗವನ್ನು ನೋಡಿದಳು, ಮೊಮ್ಮಗಳ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

"ಅದೂ ನಂದೇ ಕಣವ್ವ. ನಂಗೆ ಈಗೀಗ ಹಸಿವು ಜಾಸ್ತಿ."

ಲಿಂಗಮ್ಮ ಕಣ್ಣು ಒರೆಸಿಕೊಂಡು ಎದ್ದಳು. ಅತ್ತೆಯ ಕೈಯಿಂದ ಮಡಕೆ ಈಸಿಕೊಂಡು ಎರಡು ಎಲೆಗೂ ಮುದ್ದೆ ಇಟ್ಟು, ಸಾರು ಬಿಟ್ಟಳು.